ನಡೆಯುವ ನಾಣ್ಯ, ನಡೆಯದ ನಾಣ್ಯ

ಹತ್ತು ರೂಪಾಯಿಯ ನಾಣ್ಯದ ಪಾಡು ನಮ್ಮಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತಿದೆ. 2016ರ ಸುಮಾರಿಗೆ ಅದರ ಬಗ್ಗೆ ಒಂದು ವದಂತಿ ಹಬ್ಬಿತು. ರೂಪಾಯಿಯ ಹೊಸ ಚಿಹ್ನೆ ಇಲ್ಲದ್ದು ನಕಲಿ ಎಂದು ಕೆಲವರು, ಅಂಚಿನಲ್ಲಿ ಹತ್ತು ಗೆರೆಗಳಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂದು ಇನ್ನು ಕೆಲವರು. ಕರ್ನಾಟಕದ ಹಲವು ಊರುಗಳಲ್ಲಿ, ತಮಿಳುನಾಡು ಮತ್ತು ಆಂಧ್ರದಲ್ಲೂ, ಕಿರಾಣಿ ಅಂಗಡಿಯವರು, ಆಟೋದವರು, ತರಕಾರಿ ಮಾರುವವರು ಆ ನಾಣ್ಯವನ್ನು ಮುಟ್ಟದಾದರು. ರಿಸರ್ವ್ ಬ್ಯಾಂಕ್ 2016ರ ನವೆಂಬರಿನಲ್ಲಿ ಒಮ್ಮೆ, 2018ರ ಜನವರಿಯಲ್ಲಿ ಮತ್ತೊಮ್ಮೆ ಪ್ರಕಟಣೆ ಹೊರಡಿಸಿ, ಆವರೆಗೆ ಬಂದಿರುವ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಅಸಲಿಯೇ ಎಂದು ಸ್ಪಷ್ಟಪಡಿಸಿತು. ಅನುಮಾನವಿದ್ದವರು ಫೋನ್ ಮಾಡಿ ಕೇಳಿಕೊಳ್ಳಲಿ ಎಂದು 14440 ಎಂಬ ಉಚಿತ ಸಂಖ್ಯೆಯನ್ನೂ ಕೊಟ್ಟಿತು. ಜಿಲ್ಲಾಡಳಿತಗಳು ಎಚ್ಚರಿಕೆ ಕೊಟ್ಟವು, ಪತ್ರಿಕೆಗಳು ಬರೆದವು. ಇಷ್ಟಾದರೂ ಎಷ್ಟೋ ಕಡೆ ನಾಣ್ಯ ನಡೆಯಲಿಲ್ಲ.

ಇದನ್ನು ಜನರ ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಆದರೆ ನಾಣ್ಯ ಬೇಡವೆಂದ ಅಂಗಡಿಯವರ ಮಾತನ್ನು ಸ್ವಲ್ಪ ಗಮನಿಸಿ. ಅವರು ಸಾಮಾನ್ಯವಾಗಿ ಹೇಳುತ್ತಿದ್ದುದು 'ಇದು ನಕಲಿ' ಎಂದಲ್ಲ. 'ಅಸಲಿ ಅಂತ ನನಗೂ ಗೊತ್ತು ಸಾರ್, ಆದ್ರೆ ನನ್ನ ಹತ್ರ ಯಾರೂ ತಗೊಳಲ್ಲ' ಎಂದು. ಇದರಲ್ಲಿ ಅಜ್ಞಾನ ಎಲ್ಲಿದೆ? ನಾಣ್ಯದ ಬಗ್ಗೆ ಅವರಿಗೆ ಸರಿಯಾದ ತಿಳಿವಳಿಕೆಯೇ ಇದೆ, ನೆರೆಯವರು ಏನು ಮಾಡುತ್ತಾರೆ ಎಂಬುದರ ಬಗ್ಗೆಯೂ ಸರಿಯಾದ ಅಂದಾಜೇ ಇದೆ. ಪಕ್ಕದ ಅಂಗಡಿಯವರೂ ಅದೇ ಲೆಕ್ಕ ಹಾಕುತ್ತಿದ್ದಾರೆ, ಅದರಾಚೆಯವರೂ ಅಷ್ಟೇ. ಕೊನೆಗೆ ಒಬ್ಬೊಬ್ಬರಾಗಿ ಎಲ್ಲರೂ ಅಸಲಿ ಎಂದು ಬಲ್ಲ ನಾಣ್ಯ, ಎಲ್ಲರೂ ಸೇರಿದ ಬೀದಿಯಲ್ಲಿ ಬೆಲೆ ಕಳೆದುಕೊಂಡು ಕೂತಿತು. ಹಾಗಾದರೆ ಅದರ ಬೆಲೆ ಇದ್ದದ್ದಾದರೂ ಎಲ್ಲಿ? ಲೋಹದಲ್ಲೇ, ಸರ್ಕಾರದ ಮುದ್ರೆಯಲ್ಲೇ, ಅಂಗಡಿಯವರ ತಲೆಯಲ್ಲೇ? ಈ ಪ್ರಶ್ನೆಗೆ ಸಿಗುವ ಉತ್ತರ ಹಣಕ್ಕಷ್ಟೇ ಅಲ್ಲ, ಮದುವೆ, ಗಡಿ, ಪದವಿ, ಮೈಲಿಗೆ, ಮರ್ಯಾದೆ ಮುಂತಾದ ಕಣ್ಣಿಗೆ ಕಾಣದ ಎಲ್ಲ ಸಂಗತಿಗಳಿಗೂ ಅನ್ವಯಿಸುತ್ತದೆ ಎಂಬುದು ಈ ಅಧ್ಯಾಯದ ವಾದ. ಆದರೂ ಹಣದಿಂದಲೇ ಶುರುಮಾಡೋಣ. ನಂಬಿಕೆ ಎಷ್ಟಿದೆ ಎಂಬುದನ್ನು ಅಂಕಿಯಲ್ಲಿ ಅಳೆಯಬಹುದಾದ ಜಾಗ ಅದೊಂದೇ.

ಎರಡು ಬಗೆಯ ಸತ್ಯ

ಚೌಕಾಬಾರದ ಮನೆಯನ್ನು ನೆನಪಿಸಿಕೊಳ್ಳಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಚೌಕ, ಕೆಲವಕ್ಕೆ ಅಡ್ಡಗೀಟು, ನಾಲ್ಕು ಕವಡೆ, ಬಳೆಚೂರೋ ಹುಣಸೆಬೀಜವೋ ಆದ ಕಾಯಿಗಳು. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಗೀಟು ಎಳೆದ ಮನೆಯಲ್ಲಿ ಕೂತ ಕಾಯಿಯನ್ನು ಎದುರಾಳಿ ಹೊಡೆಯುವಂತಿಲ್ಲ. ಕವಡೆ ನಾಲ್ಕೂ ಬೋರಲು ಬಿದ್ದಿವೆ ಎಂಬುದು ಒಂದು ಸತ್ಯ. ಯಾರೂ ನೋಡದಿದ್ದರೂ ಅವು ಬೋರಲೇ. ಹಾಗೆ ಬಿದ್ದದ್ದು ಎಂಟು ಎಂಬುದು ಇನ್ನೊಂದು ಬಗೆಯ ಸತ್ಯ. ಕವಡೆಯನ್ನು ಒಡೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಅದರೊಳಗೆ ಎಂಟು ಎಂಬುದು ಸಿಗುವುದಿಲ್ಲ. ಹಾಗೆಂದು ಅದನ್ನು ಸುಳ್ಳೆನ್ನುವಂತಿಲ್ಲ. ಆಟದ ನಡುವೆ ಒಬ್ಬ 'ನನಗೆ ಇದು ಹನ್ನೆರಡು' ಎಂದರೆ ಉಳಿದವರು ಅವನನ್ನು ಎಬ್ಬಿಸಿ ಕಳಿಸುತ್ತಾರೆ.

ಅಮೆರಿಕದ ತತ್ತ್ವಜ್ಞಾನಿ ಜಾನ್ ಸರ್ಲ್ 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವ್ಯತ್ಯಾಸವನ್ನೇ ಬಿಡಿಸಿಟ್ಟರು. ಮನುಷ್ಯರು ಇಲ್ಲದಿದ್ದರೂ ಇರುವಂಥವನ್ನು ಜಡ ಸತ್ಯ ಎನ್ನೋಣ: ಹಿಮಾಲಯದ ಎತ್ತರ, ಜಲಜನಕದ ತೂಕ. ಮನುಷ್ಯರ ಒಪ್ಪಿಗೆಯಿಂದಷ್ಟೇ ಇರುವಂಥವನ್ನು ಒಪ್ಪಿತ ಸತ್ಯ ಎನ್ನೋಣ: ಈ ಕಾಗದ ಐನೂರು ರೂಪಾಯಿ, ಈ ಗೆರೆ ರಾಜ್ಯದ ಗಡಿ, ಇವರಿಬ್ಬರು ಗಂಡಹೆಂಡತಿ, ಈಕೆ ನ್ಯಾಯಾಧೀಶೆ. ಒಂದು ಜಡವಸ್ತುವನ್ನು ಇಂಥ ಸಂದರ್ಭದಲ್ಲಿ ಇಂಥದ್ದಾಗಿ ಎಣಿಸೋಣ ಎಂಬ ಸೂತ್ರದ ಮೇಲೆ ಇವೆಲ್ಲ ನಿಂತಿವೆ ಎಂಬುದು ಸರ್ಲ್ ವಾದ. ನಾಡು ಹೋಗಿ ಕಾಡಾದರೂ ಬೆಟ್ಟ ಇದ್ದಲ್ಲೇ ಇರುತ್ತದೆ. ತಾಲ್ಲೂಕಿನ ಗಡಿ ಮಾತ್ರ ಇರುವುದಿಲ್ಲ.

ಸರ್ಲ್ ಹೇಳಿದ್ದರಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಒಪ್ಪಿಗೆ ಎಂದರೆ ಏನೋ ಸಭೆ ಸೇರಿ ಕೈಯೆತ್ತಿ ಒಪ್ಪಿಕೊಂಡಂತೆ ಕೇಳಿಸುತ್ತದೆ. ನಮ್ಮಲ್ಲಿ ಯಾರೂ ರೂಪಾಯಿಗೆ ಒಪ್ಪಿಗೆ ಕೊಟ್ಟವರಲ್ಲ, ಹುಟ್ಟುವಾಗಲೇ ಅದು ಇತ್ತು. ಒಪ್ಪಿಗೆ ಎಲ್ಲಿ ವಾಸಿಸುತ್ತದೆ, ಅದು ಏಕೆ ಕೆಲವೊಮ್ಮೆ ಬಂಡೆಯಂತೆ ಗಟ್ಟಿ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಮಾಯ ಎಂಬುದಕ್ಕೆ ಇನ್ನೂ ಒಂದು ಹೆಜ್ಜೆ ಕೆಳಗಿಳಿಯಬೇಕು. ಅದಕ್ಕೆ ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ ಸಹಾಯಕ್ಕೆ ಬರುತ್ತದೆ.

ಕಡಲ ತಳದ ಆಸ್ತಿ

ಯಾಪ್ ದ್ವೀಪದ ಜನ ದೊಡ್ಡ ವ್ಯವಹಾರಗಳಿಗೆ ಬಳಸುತ್ತಿದ್ದುದು ಕಲ್ಲಿನ ಬಿಲ್ಲೆಗಳನ್ನು. 'ರಾಯ್' ಎಂಬ ಈ ಬಿಲ್ಲೆಗಳ ನಡುವೆ ಒಂದು ತೂತು; ಅದರಲ್ಲಿ ಮರದ ಬೊಂಬು ತೂರಿಸಿ ಹೊರುತ್ತಿದ್ದರು. ಚಿಕ್ಕವು ಅಂಗೈಯಗಲ, ದೊಡ್ಡವು ಹತ್ತು ಹನ್ನೆರಡು ಅಡಿ ಅಡ್ಡಳತೆಯವು, ತೂಕ ಟನ್‌ಗಟ್ಟಲೆ. ಈ ಸುಣ್ಣಕಲ್ಲು ಯಾಪ್‌ನಲ್ಲಿ ಸಿಗುವುದಿಲ್ಲ. ಸುಮಾರು 400 ಕಿಲೋಮೀಟರ್ ದೂರದ ಪಲಾವ್ ದ್ವೀಪಗಳಿಗೆ ಹೋಗಿ, ಅಲ್ಲಿ ಕಡಿದು, ದೋಣಿ ತೆಪ್ಪಗಳಲ್ಲಿ ತೆರೆದ ಕಡಲ ಮೇಲೆ ತರಬೇಕಿತ್ತು. ತಂದ ಮೇಲೆ ದೊಡ್ಡ ಕಲ್ಲನ್ನು ಮನೆ ಮುಂದೆಯೋ ದಾರಿ ಬದಿಯೋ ನಿಲ್ಲಿಸಿದರೆ ಮುಗಿಯಿತು, ಮತ್ತೆ ಅಲುಗಾಡಿಸುವ ಪ್ರಶ್ನೆಯಿಲ್ಲ. ಭೂಮಿ ಕೊಂಡಾಗ, ಮದುವೆ ಮಾಡಿದಾಗ, ಜಗಳ ತೀರಿಸಿದಾಗ ಕಲ್ಲು 'ಕೈ ಬದಲಾಯಿಸುತ್ತಿತ್ತು'. ಆದರೆ ನಿಂತಲ್ಲಿಯೇ ನಿಂತಿರುತ್ತಿತ್ತು. ಇನ್ನು ಮೇಲೆ ಅದು ಇಂಥವರದು ಎಂದು ಊರಿಗೆ ತಿಳಿದರೆ ಸಾಕು.

ಅಮೆರಿಕದ ವೈದ್ಯ ಮತ್ತು ಪ್ರವಾಸಿ ವಿಲಿಯಂ ಹೆನ್ರಿ ಫರ್ನೆಸ್ ಅಲ್ಲಿ ಇದ್ದು ಬಂದು 1910ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಬೆರಗಿನ ಸಂಗತಿ ಇದೆ. ಒಂದು ಕುಟುಂಬ ಊರಿನಲ್ಲಿ ಶ್ರೀಮಂತ ಎನಿಸಿಕೊಂಡಿತ್ತು, ಆದರೆ ಅವರ ಸಂಪತ್ತನ್ನು ಬದುಕಿದ್ದವರಲ್ಲಿ ಯಾರೂ ಕಂಡಿರಲಿಲ್ಲ. ಎರಡು ಮೂರು ತಲೆಮಾರು ಹಿಂದೆ ಅವರ ಹಿರಿಯರೊಬ್ಬರು ಭಾರೀ ಕಲ್ಲೊಂದನ್ನು ತರುತ್ತಿದ್ದಾಗ ಬಿರುಗಾಳಿ ಎದ್ದಿತು. ಜೀವ ಉಳಿಸಿಕೊಳ್ಳಲು ತೆಪ್ಪದ ಹಗ್ಗ ಕಡಿಯಬೇಕಾಯಿತು, ಕಲ್ಲು ಕಡಲ ತಳ ಸೇರಿತು. ಜತೆಗಿದ್ದವರೆಲ್ಲ ಮರಳಿ ಬಂದು, ಕಲ್ಲು ದೊಡ್ಡದಿತ್ತು, ಚೆನ್ನಾಗಿತ್ತು, ಹೋದದ್ದು ಒಡೆಯರ ತಪ್ಪಿನಿಂದಲ್ಲ ಎಂದು ಸಾಕ್ಷಿ ನುಡಿದರು. ನೂರಾರು ಅಡಿ ನೀರಿನ ಕೆಳಗಿದ್ದರೇನು, ಮನೆಗೋಡೆಗೆ ಒರಗಿಸಿಟ್ಟ ಕಲ್ಲಿಗಿರುವ ಬೆಲೆಯೇ ಅದಕ್ಕೂ ಎಂದು ಊರು ಒಪ್ಪಿತು.

ಇದನ್ನು ಕೇಳಿ ನಗು ಬಂದರೆ, ನಮ್ಮ ಬ್ಯಾಂಕ್ ಖಾತೆಯಲ್ಲಿರುವ ಹಣವನ್ನು ನಾವು ನೋಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಫೋನಿನಲ್ಲಿ ಒಂದು ಚೌಕವನ್ನು ಸ್ಕ್ಯಾನ್ ಮಾಡಿ ಎಳನೀರಿಗೆ ದುಡ್ಡು ಕೊಡುವಾಗ ಯಾವ ವಸ್ತುವೂ ಎಲ್ಲಿಂದ ಎಲ್ಲಿಗೂ ಹೋಗುವುದಿಲ್ಲ. ಇನ್ನು ಮೇಲೆ ಇಷ್ಟು ಅವರದು ಎಂಬ ಟಿಪ್ಪಣಿ ಬದಲಾಗುತ್ತದೆ, ಅಷ್ಟೇ. ಯಾಪ್‌ನಲ್ಲಿ ಆ ಟಿಪ್ಪಣಿ ಜನರ ನೆನಪಿನಲ್ಲಿತ್ತು, ನಮ್ಮಲ್ಲಿ ಕಂಪ್ಯೂಟರಿನಲ್ಲಿದೆ.

ಅದೇ ದ್ವೀಪದ ಇನ್ನೊಂದು ಘಟನೆ ಇದರ ಒಳಗುಟ್ಟನ್ನು ತೋರಿಸುತ್ತದೆ. 1899ರಲ್ಲಿ ಜರ್ಮನಿ ಸ್ಪೇನ್‌ನಿಂದ ಈ ದ್ವೀಪಗಳನ್ನು ಕೊಂಡಿತು. ಹಳ್ಳಿಗಳ ದಾರಿ ರಿಪೇರಿ ಮಾಡಿ ಎಂದು ಜರ್ಮನ್ ಅಧಿಕಾರಿಗಳು ಎಷ್ಟು ಆಜ್ಞೆ ಹೊರಡಿಸಿದರೂ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ದಂಡ ಹಾಕಿದರು. ದಂಡ ವಸೂಲಿ ಹೇಗೆ, ಟನ್‌ಗಟ್ಟಲೆ ಕಲ್ಲನ್ನು ಹೊತ್ತೊಯ್ಯುವುದೇ? ಒಬ್ಬ ಆಳನ್ನು ಕಳಿಸಿ ಬೆಲೆಬಾಳುವ ಕಲ್ಲುಗಳ ಮೇಲೆ ಕಪ್ಪು ಬಣ್ಣದಲ್ಲಿ ಅಡ್ಡಗೀಟು ಹಾಕಿಸಿದರು. ಇವು ಈಗ ಸರ್ಕಾರದವು ಎಂದು ಅದರ ಅರ್ಥ. ಜನ ಬಡವರಾಗಿಬಿಟ್ಟರು, ಓಡಿಬಂದು ದಾರಿ ಸರಿಮಾಡಿದರು. ಅಧಿಕಾರಿಗಳು ಗೀಟು ಅಳಿಸಿದರು, ಜನ ಮತ್ತೆ ಶ್ರೀಮಂತರಾದರು. ಕಲ್ಲುಗಳು ಒಂದಿಂಚೂ ಸರಿದಿರಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಗೀಟನ್ನು ಹಾಕಿದ ಜಾಗ. ಕಚೇರಿಯ ಲೆಕ್ಕದ ಪುಸ್ತಕದಲ್ಲಿ ಗುಟ್ಟಾಗಿ ಬರೆದಿಟ್ಟಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ದಾರಿ ಬದಿಯ ಕಲ್ಲಿನ ಮೇಲೆ, ಹೋಗಿಬರುವ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದರು.

ಬಿಡಿ ಅರಿವು, ಹೆಣೆದ ಅರಿವು

ಒಂದು ಸಂಗತಿ ಎಲ್ಲರಿಗೂ ಗೊತ್ತಿರುವುದು ಒಂದು. ಎಲ್ಲರಿಗೂ ಗೊತ್ತಿದೆ ಎಂಬುದು ಎಲ್ಲರಿಗೂ ಗೊತ್ತಿರುವುದು ಬೇರೆಯೇ ಒಂದು. ಮೊದಲನೆಯದನ್ನು ಬಿಡಿ ಅರಿವು, ಎರಡನೆಯದನ್ನು ಹೆಣೆದ ಅರಿವು ಎಂದು ಕರೆಯೋಣ. 1969ರಲ್ಲಿ ಡೇವಿಡ್ ಲೂಯಿಸ್ ಎಂಬ ತತ್ತ್ವಜ್ಞಾನಿ ಸಾಮಾಜಿಕ ರೂಢಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಅಂತರವನ್ನು ನಿಖರವಾಗಿ ಗುರುತಿಸಿದರು. ರಸ್ತೆಯ ಎಡಕ್ಕೆ ಗಾಡಿ ಓಡಿಸುವುದರಲ್ಲಿ ಎಡದ ಮೇಲೆ ಯಾರಿಗೂ ವಿಶೇಷ ಮೋಹವಿಲ್ಲ. ಎದುರಿನವರು ಎಡಕ್ಕೆ ಬರುತ್ತಾರೆಂದು ನಾನು ನಂಬಿದ್ದೇನೆ, ನಾನು ಎಡಕ್ಕೆ ಹೋಗುತ್ತೇನೆಂದು ಅವರೂ ನಂಬಿದ್ದಾರೆ, ನಾನು ಹಾಗೆ ನಂಬಿದ್ದೇನೆಂಬುದೂ ಅವರಿಗೆ ಗೊತ್ತು. ಈ ಹೆಣಿಗೆಯ ಒಂದೊಂದು ಎಳೆಯೂ ಇನ್ನೊಂದನ್ನು ಹಿಡಿದುಕೊಂಡಿದೆ.

ಹತ್ತು ರೂಪಾಯಿ ನಾಣ್ಯದ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ರಿಸರ್ವ್ ಬ್ಯಾಂಕಿನ ಪ್ರಕಟಣೆ ಬಿಡಿ ಅರಿವನ್ನು ಸರಿಪಡಿಸಿತು. ಪತ್ರಿಕೆ ಓದಿದ ಅಂಗಡಿಯವರಿಗೆ ನಾಣ್ಯ ಅಸಲಿ ಎಂದು ತಿಳಿಯಿತು. ಆದರೆ ತನ್ನ ಗಿರಾಕಿಯೂ ಅದನ್ನು ಓದಿದ್ದಾನೆಯೇ, ಓದಿದ್ದರೂ ನಾನು ಓದಿದ್ದೇನೆಂದು ಅವನಿಗೆ ಗೊತ್ತೇ ಎಂಬುದು ತಿಳಿಯಲಿಲ್ಲ. ಹರಿದ ಹೆಣಿಗೆ ಹರಿದೇ ಉಳಿಯಿತು. 14440ಕ್ಕೆ ಫೋನ್ ಮಾಡಿದವರು ಒಬ್ಬರೇ ಕೂತು ಕೇಳಿಸಿಕೊಂಡರು. ಒಂಟಿಯಾಗಿ ಕೇಳಿದ್ದು ಹೆಣೆದ ಅರಿವಾಗುವುದಿಲ್ಲ.

ಇದಕ್ಕೆ ನೇರ ವಿರುದ್ಧವಾದದ್ದು 2016ರ ನವೆಂಬರ್ 8ರ ರಾತ್ರಿ ನಡೆಯಿತು. ಎಂಟು ಗಂಟೆಗೆ ಪ್ರಧಾನಿ ದೂರದರ್ಶನದಲ್ಲಿ ಕಾಣಿಸಿಕೊಂಡು, ನಡುರಾತ್ರಿಯಿಂದ 500 ಮತ್ತು 1000 ರೂಪಾಯಿಯ ನೋಟುಗಳು ಚಲಾವಣೆಯಲ್ಲಿರುವುದಿಲ್ಲ ಎಂದರು. ಮೌಲ್ಯದ ಲೆಕ್ಕದಲ್ಲಿ ದೇಶದ ನೋಟುಗಳ ಸುಮಾರು 86 ಶೇಕಡಾ, ಅಂದರೆ ಹದಿನೈದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ್ದು. ಕಾಗದ ಅದೇ, ಶಾಯಿ ಅದೇ, ಗಾಂಧೀಜಿಯ ಮುಖವೂ ಅದೇ. ಬ್ಯಾಂಕಿಗೆ ಕಟ್ಟಿದರೆ ಪೂರ್ತಿ ಮೊತ್ತ ಸಿಗುತ್ತದೆ ಎಂದು ಅದೇ ಭಾಷಣದಲ್ಲಿ ಹೇಳಿದ್ದರೂ ಎಷ್ಟೋ ಅಂಗಡಿಗಳು ಆ ರಾತ್ರಿಯೇ ನೋಟನ್ನು ನಿರಾಕರಿಸತೊಡಗಿದವು. ಏಕೆಂದರೆ ಭಾಷಣವನ್ನು ಎಲ್ಲರೂ ಒಂದೇ ಗಳಿಗೆಯಲ್ಲಿ ನೋಡಿದ್ದರು, ಎಲ್ಲರೂ ನೋಡಿದ್ದಾರೆಂಬುದೂ ಎಲ್ಲರಿಗೂ ಗೊತ್ತಿತ್ತು. ನೋಟು ರದ್ದತಿಯ ಆರ್ಥಿಕ ಫಲಿತಾಂಶದ ಬಗ್ಗೆ ಬೇಕಾದಷ್ಟು ಜಗಳವಿದೆ. ರದ್ದಾದ ನೋಟುಗಳಲ್ಲಿ 99 ಶೇಕಡಾಕ್ಕಿಂತ ಹೆಚ್ಚು ಬ್ಯಾಂಕಿಗೆ ಮರಳಿದವು ಎಂದು ಮುಂದೆ ರಿಸರ್ವ್ ಬ್ಯಾಂಕೇ ಹೇಳಿತು. ಅದು ಬೇರೆ ಅಧ್ಯಾಯದ ಮಾತು. ನಂಬಿಕೆಯ ಹೆಣಿಗೆಯನ್ನು ಬಿಚ್ಚುವ ಪ್ರಯೋಗವಾಗಿ ಮಾತ್ರ ಅದಕ್ಕಿಂತ ದೊಡ್ಡದು ಸಿಗುವುದು ಕಷ್ಟ.

ಹಳೆಯ ಕಾಲದ ಆಳುವವರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಮನೆ ಮನೆಗೆ ಹೋಗಿ ಕಿವಿಯಲ್ಲಿ ಹೇಳುವ ಬದಲು ಊರ ನಡುವೆ ಡಂಗುರ ಸಾರಿಸುತ್ತಿದ್ದರು. ಮದುವೆಗೆ ನೂರಾರು ಜನರನ್ನು ಕರೆಯುವುದು, ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ವಾಲಗದವರು ಗಟ್ಟಿಮೇಳ ಬಾರಿಸುವುದು, ರಥಬೀದಿಯಲ್ಲಿ ತೇರು ಎಳೆಯುವುದು, ಪ್ರಮಾಣವಚನವನ್ನು ಬಯಲಲ್ಲಿ ಸ್ವೀಕರಿಸುವುದು, ಇವೆಲ್ಲ ಬರೀ ಆಡಂಬರವಲ್ಲ. ಸಂಸ್ಕೃತಿಯಲ್ಲಿ ಬಹಿರಂಗದ ಆಚರಣೆಗಳು ಇಷ್ಟು ಹೆಚ್ಚಾಗಿರುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ. ನೋಡಿದವರು ತಮ್ಮಂತೆ ನೋಡುತ್ತಿರುವ ಇತರರನ್ನೂ ನೋಡುತ್ತಾರೆ. ಬಿಡಿ ಅರಿವು ಹೆಣೆದ ಅರಿವಾಗುವುದು ಅಲ್ಲಿ.

ಸರ್ಕಾರದ ಮುದ್ರೆ ಸಾಕಲ್ಲವೇ?

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವುದೇ. ನಂಬಿಕೆ ಗಿಂಬಿಕೆ ಏನೂ ಅಲ್ಲ, ಹಿಂದೆ ಪೊಲೀಸು, ಕೋರ್ಟು, ಸೈನ್ಯ ಇರುವುದರಿಂದ ಹಣ ನಡೆಯುತ್ತದೆ ಎಂಬುದು. ಇದರಲ್ಲಿ ಸತ್ಯದ ಪಾಲು ದೊಡ್ಡದೇ ಇದೆ. ಆದರೆ ಅಧಿಕಾರವೊಂದೇ ಸಾಕಾಗಿದ್ದರೆ ಮುಹಮ್ಮದ್ ಬಿನ್ ತುಘಲಕ್ ಗೆಲ್ಲಬೇಕಿತ್ತು. ಗಿರೀಶ ಕಾರ್ನಾಡರ 1964ರ ನಾಟಕದಿಂದಾಗಿ ಕನ್ನಡಿಗರಿಗೆ ಈ ಸುಲ್ತಾನ ಪರಿಚಿತ. 1330ರ ಆಸುಪಾಸಿನಲ್ಲಿ ಅವನು ಬೆಳ್ಳಿಯ ಟಂಕಕ್ಕೆ ಬದಲಾಗಿ ಹಿತ್ತಾಳೆ ತಾಮ್ರದ ನಾಣ್ಯಗಳನ್ನು ಅದೇ ಬೆಲೆಗೆ ಹೊರಡಿಸಿದ. ಇದು ಹುಚ್ಚಾಟವಾಗಿತ್ತು ಎಂಬ ಜನಪ್ರಿಯ ತೀರ್ಪನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಹಲವು ದಶಕ ಮೊದಲೇ ಚೀನಾದಲ್ಲಿ ಕುಬ್ಲಾ ಖಾನ್ ಬರೀ ಕಾಗದದ ಹಣವನ್ನು ಯಶಸ್ವಿಯಾಗಿ ನಡೆಸಿದ್ದ. ತುಘಲಕ್ ಸೋತದ್ದು ಬೇರೆಡೆ. ಅವನ ನಾಣ್ಯವನ್ನು ಯಾವ ಕಸುಬುದಾರನಾದರೂ ಮನೆಯಲ್ಲಿ ಅಚ್ಚು ಹಾಕಬಹುದಿತ್ತು. ಮನೆಮನೆಯೂ ಟಂಕಸಾಲೆಯಾಯಿತು ಎಂದು ಇತಿಹಾಸಕಾರ ಬರನಿ ದೂರಿದ್ದಾನೆ. ಎದುರಿನವರ ಕೈಯಲ್ಲಿರುವುದು ಮನೆಯಲ್ಲಿ ಮಾಡಿದ್ದೇ ಇರಬಹುದು, ಅವರೂ ನನ್ನ ನಾಣ್ಯವನ್ನು ಹಾಗೆಯೇ ಅನುಮಾನಿಸುತ್ತಿರಬಹುದು ಎಂದಾದ ಮೇಲೆ ಖಡ್ಗ ಎಷ್ಟು ಹರಿತವಾಗಿದ್ದರೇನು? ಕೆಲವೇ ವರ್ಷಗಳಲ್ಲಿ ಅವನು ಸೋಲೊಪ್ಪಿ, ಬೊಕ್ಕಸದಿಂದ ಬೆಳ್ಳಿ ಬಂಗಾರ ಕೊಟ್ಟು ಹಿತ್ತಾಳೆಯನ್ನು ಹಿಂದಕ್ಕೆ ಪಡೆದ. ತುಘಲಕಾಬಾದಿನಲ್ಲಿ ಅವು ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವಂತೆ.

ಇರಾಕಿನಲ್ಲಿ ಇದರ ತಿರುವುಮುರುವು ನಡೆಯಿತು. ಅಲ್ಲಿ ಒಳ್ಳೆಯ ಮುದ್ರಣದ ಹಳೆಯ ನೋಟುಗಳಿಗೆ ಜನ 'ಸ್ವಿಸ್ ದಿನಾರ್' ಎನ್ನುತ್ತಿದ್ದರು. 1991ರ ಕೊಲ್ಲಿ ಯುದ್ಧದ ನಂತರ ಸದ್ದಾಂ ಹುಸೇನ್ ಸರ್ಕಾರ ಕಳಪೆ ಕಾಗದದ ಹೊಸ ನೋಟುಗಳನ್ನು ಬೇಕಾಬಿಟ್ಟಿ ಅಚ್ಚುಹಾಕಿತು, 1993ರಲ್ಲಿ ಹಳೆಯ 25 ದಿನಾರ್ ನೋಟನ್ನು ರದ್ದುಮಾಡಿತು. ಉತ್ತರದ ಕುರ್ದ್ ಪ್ರದೇಶ ಆಗ ಬಾಗ್ದಾದಿನ ಹಿಡಿತದಲ್ಲಿರಲಿಲ್ಲ. ಅಲ್ಲಿನ ಜನ ಹಳೆಯದನ್ನೇ ಬಳಸುತ್ತಾ ಹೋದರು. ಹತ್ತು ವರ್ಷ ಆ ನೋಟಿಗೆ ಹೇಳುವವರು ಕೇಳುವವರು ಇರಲಿಲ್ಲ. ಹೊರಡಿಸಿದ ಸರ್ಕಾರವೇ ಅದನ್ನು ಕೈಬಿಟ್ಟಿತ್ತು, ಹಿಂದೆ ಬಂಗಾರದ ದಾಸ್ತಾನೂ ಇರಲಿಲ್ಲ. ಆದರೆ ಹೊಸದಾಗಿ ಯಾರೂ ಅಚ್ಚು ಹಾಕಲಾರರು, ಅದು ಎಲ್ಲರಿಗೂ ಗೊತ್ತು. ಸದ್ದಾಂ ಆಡಳಿತ ಬಿದ್ದ ಮೇಲೆ, 2003ರ ಕೊನೆಯಲ್ಲಿ ಹೊಸ ನಾಣ್ಯಪದ್ಧತಿ ಬಂದಾಗ, ಒಂದು ಸ್ವಿಸ್ ದಿನಾರಿಗೆ 150 ಹೊಸ ದಿನಾರ್ ಸಿಕ್ಕಿತು. ಸದ್ದಾಂ ಮುಖವಿದ್ದ ಅಧಿಕೃತ ದಿನಾರಿಗೆ ಸಿಕ್ಕಿದ್ದು ಒಂದಕ್ಕೆ ಒಂದು.

ಹೀಗೆಂದು ಅಧಿಕಾರಕ್ಕೆ ಪಾತ್ರವೇ ಇಲ್ಲ ಎನ್ನುವುದು ತಪ್ಪಾದೀತು. ಇಂದಿನ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್‌ನಲ್ಲಿ 18ನೆಯ ಶತಮಾನದ ಕೊನೆಯವರೆಗೂ ಕಂದಾಯ ಕಟ್ಟುತ್ತಿದ್ದುದು ಕವಡೆಗಳಲ್ಲಿ. ಮಾಲ್ದೀವ್ಸ್‌ನಿಂದ ಬರುತ್ತಿದ್ದ ಕವಡೆ ರೂಪಾಯಿಗೆ 5120ರಂತೆ ಲೆಕ್ಕ. ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ದೋಣಿಗಟ್ಟಲೆ ಕವಡೆ ತುಂಬಿ ಢಾಕಾಕ್ಕೆ ಸಾಗಿಸಬೇಕಿತ್ತು. ಒಡಿಶಾದಲ್ಲೂ ಕವಡೆಯೇ ಹಣವಾಗಿತ್ತು. 1803ರಲ್ಲಿ ಆ ಸೀಮೆಯನ್ನು ಗೆದ್ದ ಕಂಪನಿ, ಕಂದಾಯವನ್ನು ಬೆಳ್ಳಿ ರೂಪಾಯಿಯಲ್ಲೇ ಕಟ್ಟಬೇಕು ಎಂದಿತು. ಕವಡೆ ಕೂಡಿಟ್ಟಿದ್ದ ರೈತರ ಕೈಯಲ್ಲಿ ಅದರ ಬೆಲೆ ಕುಸಿಯಿತು, ಕಂದಾಯಕ್ಕೆ ಬೆಳ್ಳಿ ಹೊಂದಿಸಲಾಗದೆ ಜಮೀನುಗಳು ಹರಾಜಾದವು. 1817ರ ಪೈಕ ಬಂಡಾಯಕ್ಕೆ ಇದ್ದ ಕಾರಣಗಳಲ್ಲಿ ಈ ಸಂಕಟವೂ ಒಂದು. ಅಂದರೆ ಸರ್ಕಾರ ಎಂಬುದು ಎಲ್ಲರೂ ಕಣ್ಣಿಟ್ಟಿರುವ ಅತಿ ದೊಡ್ಡ ಗಿರಾಕಿ. ಅದು ಏನನ್ನು ತೆಗೆದುಕೊಳ್ಳುತ್ತದೆ ಎಂಬುದರ ಮೇಲೆ ಉಳಿದವರ ಲೆಕ್ಕಾಚಾರ ತಿರುಗುತ್ತದೆ. ಬಲವೂ ಕೆಲಸ ಮಾಡುವುದು ಹೆಣೆದ ಅರಿವಿನ ಮೂಲಕವೇ.

ಬಂಗಾರದ ಮಾತು ಎತ್ತುವವರಿಗೆ ಉತ್ತರ ಚಿಕ್ಕದು. 1971ರ ಆಗಸ್ಟ್ 15ರಂದು ಅಮೆರಿಕ ಡಾಲರಿಗೆ ಬಂಗಾರ ಕೊಡುವುದನ್ನು ನಿಲ್ಲಿಸಿತು, ಡಾಲರ್ ಇನ್ನೂ ನಡೆಯುತ್ತಿದೆ. ಬಂಗಾರದ ಬೆಲೆಯ ಬಹುಪಾಲು ಕೂಡ ನಾಳೆ ಇದನ್ನು ಬೇರೊಬ್ಬರು ಕೊಳ್ಳುತ್ತಾರೆಂಬ ಭರವಸೆಯದೇ.

ಕಟ್ಟುಕಥೆ ಎನ್ನಬಹುದೇ?

ಯುವಾಲ್ ನೋವಾ ಹರಾರಿಯವರ ಪುಸ್ತಕಗಳಿಂದಾಗಿ, ಹಣ, ದೇಶ, ಕಂಪನಿ ಎಲ್ಲವೂ ಮನುಷ್ಯರು ಹಂಚಿಕೊಂಡ ಕಥೆಗಳು ಎಂಬ ಮಾತು ಈಗ ಮನೆಮಾತಾಗಿದೆ. ಓದಲು ಚೆನ್ನಾಗಿರುತ್ತದೆ, ಆದರೆ ದಾರಿ ತಪ್ಪಿಸುತ್ತದೆ. ಕಥೆಯನ್ನು ನಂಬದಿರುವ ಸ್ವಾತಂತ್ರ್ಯ ಕೇಳುಗರಿಗೆ ಇರುತ್ತದೆ, ನಂಬದಿದ್ದರೆ ಏನೂ ನಷ್ಟವಿಲ್ಲ. ಸಾಲವನ್ನು ನಂಬದವರ ಮನೆ ಜಪ್ತಿಯಾಗುತ್ತದೆ. ಗಡಿಯನ್ನು ನಂಬದೆ ದಾಟಿದವರಿಗೆ ಗುಂಡೇಟು ಬೀಳಬಹುದು. ಒಪ್ಪಿತ ಸತ್ಯಗಳು ಎಲ್ಲರನ್ನೂ ಒಟ್ಟಾಗಿ ಅವಲಂಬಿಸಿವೆ, ಯಾರೊಬ್ಬರನ್ನೂ ಅವಲಂಬಿಸಿಲ್ಲ. ನಾನೊಬ್ಬ ನಂಬಿಕೆ ಕಳೆದುಕೊಂಡರೆ ರೂಪಾಯಿಗೆ ಏನೂ ಆಗದು. ಒಬ್ಬರ ಪಾಲಿಗೆ ಅದು ಗೋಡೆಯಷ್ಟೇ ಗಟ್ಟಿ. ಹಾಗಾಗಿ ಅದನ್ನು ಕಥೆ ಎನ್ನುವುದಕ್ಕಿಂತ ಪರಸ್ಪರರ ನಡೆಯ ಬಗ್ಗೆ ನಾವು ಇಟ್ಟುಕೊಂಡ ನಿರೀಕ್ಷೆ ಎನ್ನುವುದು ಹೆಚ್ಚು ಸರಿ. ಈ ನಿರೀಕ್ಷೆ ಬಹುಮಟ್ಟಿಗೆ ನಿಜವೂ ಆಗಿರುತ್ತದೆ.

ಬೇರೆ ಪ್ರಾಣಿಗಳಿಗೆ ಇದು ಸಾಧ್ಯವೇ? 1936ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವುಲ್ಫ್ ಚಿಂಪಾಂಜಿಗಳಿಗೆ ಬಿಲ್ಲೆಗಳನ್ನು ಕೊಟ್ಟು, ಯಂತ್ರಕ್ಕೆ ಹಾಕಿದರೆ ದ್ರಾಕ್ಷಿ ಬರುವಂತೆ ಮಾಡಿದರು. ಚಿಂಪಾಂಜಿಗಳು ಬೇಗ ಕಲಿತವು. ಬಿಲ್ಲೆ ಗಳಿಸಲು ದುಡಿದವು, ಕೂಡಿಟ್ಟವು, ಕಿತ್ತಾಡಿದವು. ನೋಡಿದವರಿಗೆ ಇದೇ ಹಣ ಎನಿಸಿತು. ಆದರೆ ಅವಕ್ಕೆ ಬಿಲ್ಲೆಯ ಬೆಲೆ ಯಂತ್ರದಿಂದ ಬಂದದ್ದು. ಒತ್ತಿದರೆ ಹಣ್ಣು ಬೀಳುವ ಗುಂಡಿಗೂ ಅದಕ್ಕೂ ದೊಡ್ಡ ಅಂತರವಿಲ್ಲ. ಜೊತೆಗಾರರೊಂದಿಗೆ ಬಿಲ್ಲೆ ವಿನಿಮಯ ಮಾಡಿಕೊಳ್ಳಲು ಕಲಿಸಿದ ಪ್ರಯೋಗಗಳಲ್ಲಿ, ಮನುಷ್ಯರು ಒತ್ತಾಯಿಸುವುದನ್ನು ಬಿಟ್ಟ ಮೇಲೆ ಆ ವ್ಯಾಪಾರ ಕ್ರಮೇಣ ನಿಂತುಹೋಯಿತು. ಮನುಷ್ಯರ ಮಕ್ಕಳು ಹೀಗಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಾನೆಸ್ ರಕೋಚಿ, ಮೈಕೆಲ್ ಟೊಮಸೆಲ್ಲೊ ಮೊದಲಾದವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಮೂರು ವರ್ಷದ ಮಕ್ಕಳಿಗೆ ಹೊಸ ಆಟವೊಂದನ್ನು ತೋರಿಸಿ, ಆಮೇಲೆ ಕೈಗೊಂಬೆಯೊಂದು ಅದನ್ನು ಬೇರೆ ರೀತಿ ಆಡುವಂತೆ ಮಾಡಿದರು. ಮಕ್ಕಳು ಸುಮ್ಮನಿರಲಿಲ್ಲ. ಮೂರು ವರ್ಷದವರಂತೂ ಹಾಗಲ್ಲ, ಹೀಗೆ ಆಡಬೇಕು ಎಂದು ಗೊಂಬೆಗೆ ತಾಕೀತು ಮಾಡಿದರು. ಆ ಆಟಕ್ಕೆ ಐದು ನಿಮಿಷದ ಚರಿತ್ರೆಯೂ ಇರಲಿಲ್ಲ, ತಪ್ಪಾಗಿ ಆಡಿದರೆ ಮಕ್ಕಳಿಗೆ ನಷ್ಟವೂ ಇರಲಿಲ್ಲ. ಆದರೂ ಅದು 'ನಮ್ಮ' ರೀತಿ ಆಗಿಬಿಟ್ಟಿತ್ತು. ಇತರರೂ ಇದಕ್ಕೆ ಬದ್ಧರು ಎಂಬ ಈ ಎಣಿಕೆ ಇಷ್ಟು ಎಳವೆಯಲ್ಲೇ ಮೂಡದಿದ್ದರೆ ರೂಪಾಯಿಯೂ ಇಲ್ಲ, ನ್ಯಾಯಾಲಯವೂ ಇಲ್ಲ.

ಕಟ್ಟಿದ ಕಾಲು

ಹೆಣೆದ ಅರಿವು ಒಳ್ಳೆಯದನ್ನಷ್ಟೇ ಎತ್ತಿಹಿಡಿಯುತ್ತದೆ ಎಂದು ಯಾರೂ ಭಾವಿಸಬೇಕಿಲ್ಲ. ಚೀನಾದಲ್ಲಿ ಸಾವಿರ ವರ್ಷದಷ್ಟು ಕಾಲ ಹೆಣ್ಣುಮಕ್ಕಳ ಪಾದಗಳನ್ನು ಐದಾರು ವರ್ಷ ವಯಸ್ಸಿನಲ್ಲೇ ಬಟ್ಟೆಪಟ್ಟಿಯಿಂದ ಬಿಗಿದು, ಬೆರಳುಗಳನ್ನು ಅಂಗಾಲಿನಡಿ ಮಡಚಿ, ಮೂಳೆ ಮುರಿದು, ಮೂರು ನಾಲ್ಕಂಗುಲಕ್ಕೆ ನಿಲ್ಲಿಸುತ್ತಿದ್ದರು. ಕಟ್ಟುತ್ತಿದ್ದುದು ತಾಯಂದಿರು. ಆ ನೋವನ್ನು ತಾವೇ ಉಂಡವರು. ಅದು ಕೆಡುಕು ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಾಲು ಕಟ್ಟದ ಹುಡುಗಿಗೆ ಮರ್ಯಾದಸ್ಥರ ಮನೆಯ ಗಂಡು ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಗಂಡಿನ ಮನೆಯವರಿಗೂ ದೊಡ್ಡಪಾದದ ಸೊಸೆಯನ್ನು ತಂದರೆ ಊರು ಆಡಿಕೊಳ್ಳುತ್ತದೆಂದು ಗೊತ್ತಿತ್ತು. 1660ರ ದಶಕದಲ್ಲಿ ಕಾಂಗ್ಷಿ ಚಕ್ರವರ್ತಿ ಇದನ್ನು ನಿಷೇಧಿಸಿ, ಕೆಲವೇ ವರ್ಷಗಳಲ್ಲಿ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ಅಷ್ಟು ಹಳೆಯ ಪದ್ಧತಿ ಕೊನೆಗೆ ಒಂದೇ ತಲೆಮಾರಿನಲ್ಲಿ ಕುಸಿಯಿತು. ಹೆಬೈ ಪ್ರಾಂತದ ಡಿಂಗ್‌ಷಿಯನ್ ಎಂಬ ಸೀಮೆಯ ಲೆಕ್ಕ ಸಿಕ್ಕಿದೆ. 1890ಕ್ಕೆ ಮೊದಲು ಹುಟ್ಟಿದ ಹೆಂಗಸರಲ್ಲಿ 99 ಶೇಕಡಾ ಜನರ ಕಾಲು ಕಟ್ಟಲಾಗಿತ್ತು. 1919ರ ಹೊತ್ತಿಗೆ ಹೊಸದಾಗಿ ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಇದರ ಹಿಂದೆ ಶಿಕ್ಷಣ, ರಾಜಕೀಯ ಬದಲಾವಣೆ ಮುಂತಾದ ಹಲವು ಕಾರಣಗಳಿದ್ದವು. ಆದರೆ ಅಮೆರಿಕದ ವಿದ್ವಾಂಸ ಜೆರ್ರಿ ಮ್ಯಾಕಿ 1996ರಲ್ಲಿ ಬೊಟ್ಟುಮಾಡಿದ್ದು ಒಂದು ಸಾಧನದತ್ತ. 1870ರ ದಶಕದಲ್ಲಿ ಷಿಯಾಮೆನ್ ಬಂದರಿನಲ್ಲಿ ಶುರುವಾಗಿ, 1895ರ ನಂತರ ಶಾಂಘೈನಿಂದ ಹಬ್ಬಿದ ಸಹಜಪಾದ ಸಂಘಗಳು ಬರೀ ಉಪದೇಶಕ್ಕೆ ನಿಲ್ಲಲಿಲ್ಲ. ಸದಸ್ಯರಾದ ಕುಟುಂಬಗಳು ಬಹಿರಂಗವಾಗಿ ಎರಡು ಮಾತು ಕೊಡುತ್ತಿದ್ದವು: ನಮ್ಮ ಹೆಣ್ಣುಮಕ್ಕಳ ಕಾಲು ಕಟ್ಟುವುದಿಲ್ಲ, ನಮ್ಮ ಗಂಡುಮಕ್ಕಳಿಗೆ ಕಾಲು ಕಟ್ಟಿದ ಹೆಣ್ಣು ತರುವುದಿಲ್ಲ. ಎರಡನೆಯ ಮಾತಿನಲ್ಲೇ ಇದರ ಜಾಣ್ಮೆ ಇರುವುದು. ಮಗಳ ಕಾಲನ್ನು ಕಟ್ಟದೆ ಬಿಟ್ಟ ತಂದೆತಾಯಿಗೆ, ಅವಳನ್ನು ಒಪ್ಪುವ ಮನೆಗಳು ಇಂತಿಷ್ಟಿವೆ ಎಂದು ಕಣ್ಣೆದುರೇ ಕಾಣುತ್ತಿತ್ತು. ಸಂಘ ಬೆಳೆದಷ್ಟೂ ಹೊರಗುಳಿಯುವುದೇ ನಷ್ಟವಾಗತೊಡಗಿತು. ಶತಮಾನಗಳ ಕಾಲ ಪದ್ಧತಿಯನ್ನು ಕಾಪಾಡಿದ್ದ ಹೆಣಿಗೆಯೇ ಈಗ ಅದನ್ನು ಕೆಡವಿತು. 1997ರ ಜುಲೈ 31ರಂದು ಸೆನೆಗಲ್ ದೇಶದ ಮಾಲಿಕುಂಡಾ ಬಂಬಾರಾ ಗ್ರಾಮದ ಹೆಂಗಸರು ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ಕೈಬಿಡುವುದಾಗಿ ಬಹಿರಂಗವಾಗಿ ಘೋಷಿಸಿದಾಗಲೂ ಹಿಡಿದದ್ದು ಇದೇ ದಾರಿ. ನೆಂಟಸ್ತಿಕೆ ಬೆಳೆಸುವ ಅಕ್ಕಪಕ್ಕದ ಊರುಗಳೂ ಜತೆಗೂಡದೆ ಒಂದು ಊರು ಬಿಟ್ಟರೆ ಸಾಲದು ಎಂಬುದು ಅವರಿಗೆ ಬೇಗ ಅರ್ಥವಾಯಿತು.

ನಮ್ಮ ವರದಕ್ಷಿಣೆಯನ್ನು ಈ ಕಣ್ಣಿನಿಂದ ನೋಡಿದರೆ ಕಾಯ್ದೆ ಏಕೆ ಸೋತಿತು ಎಂಬುದು ತಿಳಿಯುತ್ತದೆ. ನಮಗೇನೂ ಬೇಡ, ಆದರೆ ನೆಂಟರಿಷ್ಟರು ಏನಂದುಕೊಳ್ಳುತ್ತಾರೆ ಎನ್ನುವ ಗಂಡಿನ ಕಡೆಯವರು, ಕೊಡದಿದ್ದರೆ ಮಗಳಿಗೆ ಅಲ್ಲಿ ಗೌರವ ಸಿಗುವುದೇ ಎನ್ನುವ ಹೆಣ್ಣಿನ ಕಡೆಯವರು, ಇಬ್ಬರೂ ಒಬ್ಬರನ್ನೊಬ್ಬರು ಊಹಿಸಿಕೊಂಡು ನಡೆಯುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ತೆಗೆದುಕೊಳ್ಳುವವರಿಗೂ ಶಿಕ್ಷೆ ಇಟ್ಟಿದೆ, ಕೊಡುವವರಿಗೂ ಇಟ್ಟಿದೆ. ಹಾಗಾಗಿ ವ್ಯವಹಾರ ಕೋಣೆಯೊಳಗೆ ಸರಿಯಿತು, 'ಉಡುಗೊರೆ' ಆಯಿತು. ಯಾರು ತೆಗೆದುಕೊಳ್ಳುವುದಿಲ್ಲ ಎಂಬುದು ಹೊರಗಿನವರಿಗೆ ತಿಳಿಯುವ ದಾರಿಯೇ ಇಲ್ಲದಾಯಿತು. ವರದಕ್ಷಿಣೆ ಬೇಡ ಎನ್ನುವ ಕುಟುಂಬಗಳು ಪ್ರತಿ ಊರಿನಲ್ಲೂ ಇವೆ. ಲಗ್ನಪತ್ರಿಕೆಯಲ್ಲಿ, ವಧೂವರರ ಸಮಾವೇಶದಲ್ಲಿ, ಜಾತಿ ಸಂಘದ ವಾರ್ಷಿಕ ಸಭೆಯಲ್ಲಿ ಅವರು ತಮ್ಮ ಹೆಸರು ಹಾಕಿ ಅದನ್ನು ಹೇಳಲಿ. ಮನಸ್ಸಿನಲ್ಲೇ ಇಟ್ಟುಕೊಂಡ ಒಳ್ಳೆಯತನದಿಂದ ಪಕ್ಕದ ಮನೆಯವರ ಲೆಕ್ಕ ಬದಲಾಗುವುದಿಲ್ಲ.